ಕಿಟಕಿ ಮುಚ್ಚಿದ ಕೋಣೆ: ಕ್ಷಯದಿಂದ ಮನೆಯಲ್ಲೇ ಆದ ಒಂದು ಸಾವು

ಇದು ಒಂದು ಮನೆಯಲ್ಲಿ ನಡೆದದ್ದು. ಗುರುತು ಸಿಗಬಾರದು ಅಂತ ವಯಸ್ಸು, ಮನೆಯವರ ಸಂಖ್ಯೆ, ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಯಾವುದರ ನಂತರ ಯಾವುದು ಆಯಿತು, ಯಾರು ಏನು ತೀರ್ಮಾನ ಮಾಡಿದರು, ಎಲ್ಲಿ ಎಡವಿದೆವು ಅನ್ನುವುದು ಮಾತ್ರ ಇದ್ದ ಹಾಗೇ ಇದೆ. ಎಡವಿದ್ದರಲ್ಲಿ ದೊಡ್ಡದು ನನ್ನದೇ, ಅದನ್ನೂ ಬರೆದಿದ್ದೇನೆ. ನಾನು ಮನೆಮನೆಗೆ ಹೋಗಿ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ನರ್ಸ್.

ಹಿನ್ನೆಲೆ

ರೋಗಿಗೆ 61 ವರ್ಷ. ಶ್ವಾಸಕೋಶದ ಕ್ಷಯ. ಅದೂ ಬಹು ಔಷಧ ನಿರೋಧಕ ಕ್ಷಯ, ಅಂದರೆ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್ ಅನ್ನುವ ಎರಡು ಮುಖ್ಯ ಔಷಧಗಳಿಗೂ ಬಗ್ಗದ ತಳಿ. ಎರಡು ಸಲ ಚಿಕಿತ್ಸೆ ಶುರು ಮಾಡಿ, ಸ್ವಲ್ಪ ಹುಷಾರಾದ ಕೂಡಲೇ ಬಿಟ್ಟಿದ್ದರು. ಮೂರನೇ ಸಲ ಬಂದಾಗ ಬಲಗಡೆಯ ಶ್ವಾಸಕೋಶ ಬಹುಪಾಲು ಹಾಳಾಗಿತ್ತು. ಲಿವರ್ ಕೂಡ ಔಷಧ ತಡೆಯಲಿಲ್ಲ. ಇನ್ನು ಗುಣಪಡಿಸುವ ದಾರಿ ಇಲ್ಲ, ಉಸಿರಾಟದ ಸಂಕಟ ಕಡಿಮೆ ಮಾಡಬಹುದು ಅಷ್ಟೇ ಅಂತ ವೈದ್ಯರು ಹೇಳಿದಾಗ ಅವರು ಮನೆಗೆ ಹೋಗುತ್ತೇನೆ ಎಂದರು. ಮನೆಯವರೂ ಒಪ್ಪಿದರು.

ಮನೆಯಲ್ಲಿ ಹೆಂಡತಿ, ದೊಡ್ಡ ಮಗಳು, ಮಗ, ಸೊಸೆ, 11 ಮತ್ತು 4 ವರ್ಷದ ಇಬ್ಬರು ಮೊಮ್ಮಕ್ಕಳು. ರೋಗಿಗೆ ಹಿಂದಿನ ಕೋಣೆ ಕೊಟ್ಟಿದ್ದರು. ಎರಡು ಕಿಟಕಿ ಇದ್ದವು. ಅವರಿಗೆ ಚಳಿ ಅಂತ ಎರಡನ್ನೂ ಮುಚ್ಚಿ, ಸಂದಿಗೆ ಟೇಪ್ ಹಚ್ಚಿದ್ದರು. ಹೋದಾಗಲೆಲ್ಲ ನಾನು ಕಿಟಕಿ ತೆಗೆಯುತ್ತಿದ್ದೆ. ನಾನು ಬೆನ್ನು ತಿರುಗಿಸಿದ ಮೇಲೆ ಮತ್ತೆ ಮುಚ್ಚುತ್ತಿತ್ತು. ನಾನು ಬರುವ ದಿನ ಎಲ್ಲರ ಮುಖಕ್ಕೂ ಮಾಸ್ಕ್ ಇರುತ್ತಿತ್ತು, ಉಳಿದ ದಿನ ಗೋಡೆಯ ಮೊಳೆಗೆ ನೇತಾಡುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅಜ್ಜನಿಗೆ ಕಣ್ಣು ಸರಿ ಕಾಣುತ್ತಿರಲಿಲ್ಲ. ದೊಡ್ಡ ಮೊಮ್ಮಗ ಸಂಜೆ ಹೊತ್ತು ಹಾಸಿಗೆ ಪಕ್ಕ ಕೂತು ಪೇಪರ್ ಓದಿ ಹೇಳುತ್ತಿದ್ದ.

ಸಾಯುವುದಕ್ಕೆ ಎರಡು ವಾರ ಮುಂಚೆ ಅವರು ನನ್ನನ್ನು ಒಂದು ಮಾತು ಕೇಳಿದರು. "ಸಿಸ್ಟರ್, ನಾನು ಹೋದ ಮೇಲೆ ಇವರಿಗೆ ನನ್ನ ಮುಟ್ಟೋಕೆ ಬಿಡ್ತೀರಾ?" ನಾನು "ಈಗ ಯಾಕೆ ಆ ಮಾತು, ಸುಮ್ನೆ ಮಲಗಿ" ಎಂದೆ. ದಿನವೂ ಸಾವು ನೋಡುವ ಕೆಲಸ ನನ್ನದು. ಆದರೂ ಆ ಹೊತ್ತಿಗೆ ಬಾಯಿಗೆ ಬಂದದ್ದು ಅಷ್ಟೇ. ಆ ದಿನ ಹದಿನೈದು ನಿಮಿಷ ಕೂತು ಉತ್ತರ ಕೊಟ್ಟಿದ್ದರೆ ಮುಂದೆ ಬರೆಯುವ ಅರ್ಧ ಭಾಗ ನಡೆಯುತ್ತಲೇ ಇರಲಿಲ್ಲ.

ಆ ಬೆಳಗಿನ ಜಾವ

ಬೆಳಗಿನ ಜಾವ 4:20ರ ಸುಮಾರಿಗೆ ದೊಡ್ಡ ಕೆಮ್ಮು ಬಂದು ಬಾಯಿಂದ ರಕ್ತ ಬಿತ್ತು. ಹಾಳಾದ ಶ್ವಾಸಕೋಶದಲ್ಲಿ ರಕ್ತನಾಳ ಒಡೆದರೆ ಹೀಗಾಗುತ್ತದೆ. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಹಾಸಿಗೆ, ದಿಂಬು, ನೆಲ, ಹೆಂಡತಿಯ ಕೈ, ಎಲ್ಲ ರಕ್ತ. 4:35ಕ್ಕೆ ಮಗಳು ಫೋನ್ ಮಾಡಿದಳು. ಅವಳು ಹೇಳುತ್ತಿದ್ದದ್ದಕ್ಕಿಂತ ಜಾಸ್ತಿ ಹಿಂದೆ ಕೇಳಿಸುತ್ತಿದ್ದ ಗಲಾಟೆಯಿಂದ ನನಗೆ ಪರಿಸ್ಥಿತಿ ಅರ್ಥವಾಯಿತು.

ಫೋನಿನಲ್ಲಿ ಮೂರು ಮಾತು ಹೇಳಿದೆ. ಕಿಟಕಿ ಎರಡೂ ತೆಗೆಯಿರಿ. ಮಕ್ಕಳನ್ನು ಆಚೆ ಕಳಿಸಿ. ರಕ್ತ ತಾಕಿದವರು ಸೋಪು ಹಾಕಿ ಕೈ ತೊಳೆಯಿರಿ. ಹೊರಟಿದ್ದೇನೆ, ನಾನು ಬರುವವರೆಗೆ ಇನ್ನೇನೂ ಮಾಡಬೇಡಿ ಅಂತಲೂ ಹೇಳಿದೆ. ಕೊನೆಯ ಮಾತನ್ನು ಅಂಥ ಹೊತ್ತಿನಲ್ಲಿ ಯಾರೂ ಕೇಳುವುದಿಲ್ಲ. ದುಃಖದಲ್ಲಿ ಇರುವವರಿಗೆ ಕೈಗೆ ಏನಾದರೂ ಕೆಲಸ ಬೇಕು. ಸುಮ್ಮನಿರಿ ಅನ್ನುವುದು ಸಲಹೆಯೇ ಅಲ್ಲ.

ಮಗ ಕೈಗೆ ಕೆಲಸ ಹುಡುಕಿಕೊಂಡ. ಬ್ಲೀಚ್ ಬಾಟಲಿಯನ್ನು ನೀರು ಬೆರೆಸದೆ ರಕ್ತದ ಮೇಲೆ ಸುರಿದ. ಅದು ಸಾಲದು ಅನ್ನಿಸಿ ಟಾಯ್ಲೆಟ್ ತೊಳೆಯುವ ಆ್ಯಸಿಡ್ ತಂದು ಅದರ ಮೇಲೆಯೇ ಸುರಿದ. ಬ್ಲೀಚಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಗಂಟಲು, ಕಣ್ಣು, ಶ್ವಾಸಕೋಶ ಸುಡುವ ಅನಿಲ. ನಾನು ದಾರಿಯಲ್ಲಿರುವಾಗ ಮತ್ತೆ ಫೋನ್ ಬಂತು. ಈ ಸಲ ಮಗಳಿಗೆ ಮಾತಾಡಲು ಆಗುತ್ತಿರಲಿಲ್ಲ, ಬರೀ ಕೆಮ್ಮು.

ಕ್ಷಯದಿಂದ ಸತ್ತವರ ಮನೆಯಲ್ಲಿ ಅಂದು ಬೆಳಿಗ್ಗೆ ಎದುರಾದ ಮೊದಲ ಅಪಾಯ ಕ್ಷಯದ್ದಾಗಿರಲಿಲ್ಲ. ಸ್ವಚ್ಛ ಮಾಡಲು ಹೊರಟವರೇ ತಂದುಕೊಂಡದ್ದು. ಎಲ್ಲರೂ ಹೊರಗೆ ಬನ್ನಿ, ಕೋಣೆಗೆ ಮತ್ತೆ ಕಾಲಿಡಬೇಡಿ, ಮುಂಬಾಗಿಲು ಪೂರ್ತಿ ತೆಗೆದಿಡಿ, ಕಣ್ಣಿಗೆ ಹದಿನೈದು ನಿಮಿಷ ತಣ್ಣೀರು ಹಾಕುತ್ತಲೇ ಇರಿ ಎಂದೆ. ಪುಣ್ಯಕ್ಕೆ ಕಿಟಕಿಯ ಟೇಪ್ ಅಷ್ಟರಲ್ಲಿ ಕಿತ್ತಿದ್ದರು.

5:30ಕ್ಕೆ ನಾನು ತಲುಪಿದಾಗ ಮನೆಯವರೆಲ್ಲ ಬಾಗಿಲ ಹೊರಗೆ ಇದ್ದರು. ದೇಹ ಒಳಗೆ ಒಂದೇ ಇತ್ತು. ಅಪ್ಪನನ್ನು ಒಬ್ಬರೇ ಬಿಟ್ಟು ಬಂದೆವಲ್ಲ ಅಂತ ಹೆಂಡತಿಯೂ ಮಗಳೂ ಅಳುತ್ತಿದ್ದರು. ಮಗಳ ಕಣ್ಣು ಕೆಂಪಗೆ ಊದಿತ್ತು. ಉಸಿರಾಟ ಸರಿ ಇತ್ತು. ಆದರೂ ವೈದ್ಯರು ಬಂದಾಗ ಅವಳನ್ನೂ ತೋರಿಸುವುದು ಅಂತ ಗಟ್ಟಿ ಮಾಡಿಕೊಂಡೆ. ಕ್ಲೋರಿನ್ ಕುಡಿದ ಶ್ವಾಸಕೋಶ ಕೆಲವು ಗಂಟೆ ಕಳೆದ ಮೇಲೂ ತೊಂದರೆ ಕೊಡಬಹುದು.

ಏನಕ್ಕೆ ಹೆದರಬೇಕು, ಏನಕ್ಕೆ ಬೇಡ

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮುಂದಿನ ಎಲ್ಲ ತೀರ್ಮಾನ ಇದರ ಮೇಲೆ ನಿಂತಿದೆ.

ಕ್ಷಯ ಗಾಳಿಯಿಂದ ಹರಡುತ್ತದೆ. ರೋಗಿ ಕೆಮ್ಮಿದಾಗ, ಮಾತಾಡಿದಾಗ ಬರುವ ತೀರಾ ಸಣ್ಣ ಹನಿಗಳು ಒಣಗಿ, 1ರಿಂದ 5 ಮೈಕ್ರಾನ್ ಗಾತ್ರದ ಕಣಗಳಾಗಿ ಗಂಟೆಗಟ್ಟಲೆ ತೇಲುತ್ತವೆ. ಅದನ್ನು ಉಸಿರಾಡಿದವರಿಗೆ ಸೋಂಕು ತಗಲುತ್ತದೆ. ತಟ್ಟೆ ಲೋಟದಿಂದ, ಬಟ್ಟೆಯಿಂದ, ಕೈ ಹಿಡಿದುಕೊಳ್ಳುವುದರಿಂದ ಹರಡುವುದಿಲ್ಲ.

ಸತ್ತವರು ಕೆಮ್ಮುವುದಿಲ್ಲ, ಉಸಿರಾಡುವುದಿಲ್ಲ. ಹಾಗಾಗಿ ಬದುಕಿದ್ದಾಗ ಇದ್ದ ಅಪಾಯದ ದೊಡ್ಡ ಪಾಲು ಸಾವಿನೊಂದಿಗೇ ಮುಗಿಯಿತು. ಉಳಿಯುವುದು ಎರಡು. ದೇಹ ಎತ್ತುವಾಗ, ಹೊರಳಿಸುವಾಗ ಎದೆಯ ಮೇಲೆ ಒತ್ತಡ ಬಿದ್ದು ಶ್ವಾಸಕೋಶದಲ್ಲಿ ಉಳಿದ ಗಾಳಿ ಬಾಯಿಂದ ಹೊರಬರುವುದು ಒಂದು. ಕೊನೆಯ ಕೆಮ್ಮಿನ ಗಾಳಿ ಕೋಣೆಯಲ್ಲೇ ನಿಂತಿರುವುದು ಇನ್ನೊಂದು. ಮೊದಲನೆಯದಕ್ಕೆ ಬಾಯಿ ಮೂಗಿನ ಮೇಲೆ ಬಟ್ಟೆ ಅಥವಾ ಮಾಸ್ಕ್, ಎರಡನೆಯದಕ್ಕೆ ತೆರೆದ ಕಿಟಕಿ. ಗಂಟೆಗೆ 6 ಸಲ ಕೋಣೆಯ ಗಾಳಿ ಪೂರ್ತಿ ಬದಲಾಗುವಂತಿದ್ದರೆ, ತೇಲುವ ಕಣಗಳಲ್ಲಿ ನೂರಕ್ಕೆ 99 ಪಾಲು ಹೋಗಲು 46 ನಿಮಿಷ ಬೇಕು. 2 ಸಲ ಮಾತ್ರ ಬದಲಾದರೆ 138 ನಿಮಿಷ. ಮನೆಯಲ್ಲಿ ಅದನ್ನು ಅಳೆಯಲು ಆಗುವುದಿಲ್ಲ ಅಲ್ವಾ? ಎರಡೂ ಕಿಟಕಿ ತೆಗೆದು, ಒಂದರಲ್ಲಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು, ಒಂದು ಗಂಟೆಗೂ ಜಾಸ್ತಿ ಕಾದೆವು. ಫ್ಯಾನ್ ಒಳಮುಖವಾಗಿದ್ದರೆ ಕೋಣೆಯ ಗಾಳಿಯನ್ನು ಮನೆಯೊಳಗೆ ತಳ್ಳುತ್ತದೆ.

ರಕ್ತದ ವಿಷಯ ಬೇರೆ. ಚರ್ಮಕ್ಕೆ ತಾಕಿದ ರಕ್ತದಿಂದ ಕ್ಷಯ ಬರುವುದಿಲ್ಲ. ಆದರೆ ರಕ್ತದಲ್ಲಿ ಹೆಪಟೈಟಿಸ್ ಬಿ, ಸಿ ಅಥವಾ ಎಚ್‌ಐವಿ ಇರಬಹುದು. ಹೆಪಟೈಟಿಸ್ ಬಿ ವೈರಸ್ ದೇಹದ ಹೊರಗೆ ಕನಿಷ್ಠ 7 ದಿನ ಬದುಕುತ್ತದೆ. ಇದೆಯೋ ಇಲ್ಲವೋ ಅಂತ ಆ ಹೊತ್ತಿನಲ್ಲಿ ಪರೀಕ್ಷೆ ಮಾಡುತ್ತಾ ಕೂರುವುದಿಲ್ಲ. ಯಾರ ರಕ್ತವಾದರೂ ಸೋಂಕಿದೆ ಅಂದುಕೊಂಡೇ ಕೈ ಹಾಕುವುದು.

ಇದು ಕ್ಷಯದ ಮಾತು. ಎಲ್ಲ ರೋಗಕ್ಕೂ ಇದನ್ನೇ ಹಚ್ಚಬಾರದು. ಎಬೋಲಾದಲ್ಲಿ ಸತ್ತ ದೇಹದ ಚರ್ಮ, ಬೆವರು, ದ್ರವ ಎಲ್ಲದರಲ್ಲೂ ವೈರಸ್ ತುಂಬಿರುತ್ತದೆ. ಅಲ್ಲಿ ಮನೆಯವರು ಮುಟ್ಟುವಂತೆಯೇ ಇಲ್ಲ, ತರಬೇತಿ ಪಡೆದ ತಂಡವೇ ಬರಬೇಕು. ಪಶ್ಚಿಮ ಆಫ್ರಿಕಾದಲ್ಲಿ 2014ರಲ್ಲಿ ಹೆಣ ತೊಳೆದವರು, ತಬ್ಬಿದವರು ಒಬ್ಬರ ಹಿಂದೆ ಒಬ್ಬರು ಕಾಯಿಲೆ ಬಿದ್ದರು. ಬಲವಂತವಾಗಿ ದೇಹ ಎತ್ತಿಕೊಂಡು ಹೋಗಲು ಶುರು ಮಾಡಿದಾಗ ಜನ ಸಾವನ್ನೇ ಮುಚ್ಚಿಟ್ಟರು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ 'ಸುರಕ್ಷಿತ ಮತ್ತು ಗೌರವಯುತ' ಶವಸಂಸ್ಕಾರದ ಕ್ರಮ ಬರೆಯಬೇಕಾಯಿತು. ಕಾಲರಾದಲ್ಲಿ ದೇಹದಿಂದ ನೀರಿನಂಥ ದ್ರವ ಸೋರುತ್ತಲೇ ಇರುತ್ತದೆ, ಅದನ್ನು ಮುಟ್ಟಿದ ಕೈ ಬಾಯಿಗೆ ಹೋಗುವುದೇ ದಾರಿ. ಕೋವಿಡ್ ಬಗ್ಗೆ ಅದೇ ಸಂಸ್ಥೆ 2020ರಲ್ಲೇ ಹೇಳಿತ್ತು: ಅವಸರದಲ್ಲಿ ಸಾಗಹಾಕಬೇಡಿ, ಸುಡಲೇಬೇಕು ಅಂತಿಲ್ಲ, ಪ್ರತಿ ದೇಹಕ್ಕೂ ಬಾಡಿ ಬ್ಯಾಗ್ ಬೇಕಂತಿಲ್ಲ. ಆದರೂ ಎಷ್ಟು ಮನೆಗಳಲ್ಲಿ ಮುಖ ನೋಡಲು ಬಿಡದೆ ಕಳಿಸಿಬಿಟ್ಟರು ಅನ್ನುವುದು ನಮಗೆಲ್ಲ ಗೊತ್ತು. ಹಾಗಾಗಿ ಮೊದಲು ಕೇಳಬೇಕಾದ್ದು ರೋಗ ಯಾವುದು, ಅದು ಯಾವ ದಾರಿಯಲ್ಲಿ ಹರಡುತ್ತದೆ ಅಂತ. ಎಷ್ಟು ಹೆದರಬೇಕು ಅನ್ನುವುದು ಆಮೇಲೆ.

ಮಗನ ಕೈ

6:30ಕ್ಕೆ ವೈದ್ಯರು ಬಂದರು. ಸಾವು ಖಚಿತ ಮಾಡಿ, ಕಾರಣ ಬರೆದು ಕೊಟ್ಟರು. ಅಲ್ಲಿಯವರೆಗೆ ದೇಹ ಮುಟ್ಟಿರಲಿಲ್ಲ, ಮುಟ್ಟಲೂಬಾರದು. ನೋವಿಗೆ ಮಾರ್ಫಿನ್ ಕೊಡಲು ಹೊಟ್ಟೆಯ ಚರ್ಮದ ಕೆಳಗೆ ಇಟ್ಟಿದ್ದ ಚಿಕ್ಕ ಬಟರ್‌ಫ್ಲೈ ಸೂಜಿಯನ್ನು ಅವರೇ ತೆಗೆದು, ಮುಚ್ಚಳ ಹಾಕಲು ಹೋಗದೆ ನೇರ ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರು. ಮನೆ ಸಾವಿನಲ್ಲಿ ಇಂಥ ಸೂಜಿ ಹಾಸಿಗೆಯ ಮಡಿಕೆಯಲ್ಲಿ ಉಳಿದು, ಆಮೇಲೆ ಬಟ್ಟೆ ಎತ್ತುವವರ ಕೈಗೆ ಚುಚ್ಚುವುದುಂಟು. ಮಗಳ ಎದೆ ಪರೀಕ್ಷೆ ಮಾಡಿ, ಸಂಜೆಯವರೆಗೆ ಗಮನಿಸಿ, ಉಸಿರು ಭಾರವಾದರೆ ತಡ ಮಾಡದೆ ಆಸ್ಪತ್ರೆಗೆ ಬನ್ನಿ ಎಂದರು.

ಈಗ ದೇಹ ಒರೆಸಿ ಬಟ್ಟೆ ಬದಲಿಸಬೇಕು. ನಾನೊಬ್ಬಳೇ ಮಾಡಬಹುದಿತ್ತು, ನಮ್ಮ ಸಹಾಯಕನನ್ನು ಕರೆಸಬಹುದಿತ್ತು. ಮಗ ಬಾಗಿಲ ಹತ್ತಿರ ನಿಂತು, "ಸಿಸ್ಟರ್, ನಾನು ಬರಬಹುದಾ?" ಎಂದ. ಎರಡು ವಾರದ ಹಿಂದೆ ಅವನ ಅಪ್ಪ ಕೇಳಿದ್ದು ಇದನ್ನೇ. ಸಾವಿನಾಚೆ ನಿಂತು ಅವರೇ ಮತ್ತೊಮ್ಮೆ ಕೇಳಿದಂತೆ ಅನ್ನಿಸಿತು. ಬಾ ಎಂದೆ. ಅವನಿಗೆ ಎನ್‌95 ಮಾಸ್ಕ್, ಗ್ಲೌಸ್, ಪ್ಲಾಸ್ಟಿಕ್ ಏಪ್ರನ್, ಕಣ್ಣಿಗೆ ಕನ್ನಡಕ ಕೊಟ್ಟು, ಕೈಯಲ್ಲಿ ಗಾಯ ಇದೆಯಾ ನೋಡಿದೆ. ಮಗಳ ಕಣ್ಣು ಇನ್ನೂ ಉರಿಯುತ್ತಿತ್ತು. ಬಾಗಿಲಲ್ಲೇ ನಿಂತು ಯಾವ ಶರ್ಟ್ ಹಾಕಬೇಕು ಅಂತ ಹೇಳಿದಳು.

ದೇಹ ಹೊರಳಿಸುವ ಮುಂಚೆ ಬಾಯಿ ಮೂಗಿನ ಮೇಲೆ ಮಾಸ್ಕ್ ಹಾಕಿದೆ. ಸತ್ತವರಿಗೆ ಮಾಸ್ಕ್ ಯಾಕೆ ಅಂತ ಮಗನ ಮುಖದಲ್ಲೇ ಪ್ರಶ್ನೆ ಕಾಣುತ್ತಿತ್ತು. ಪಕ್ಕಕ್ಕೆ ತಿರುಗಿಸಿದಾಗ ಎದೆಯಿಂದ ಒಂದು ಸದ್ದು ಬಂತು. ನಿಟ್ಟುಸಿರಿನ ಹಾಗೆ, ನರಳಿದ ಹಾಗೆ. ಮಗ ಕೈ ಬಿಟ್ಟು ಹಿಂದಕ್ಕೆ ಹಾರಿದ. "ಅಪ್ಪ ಉಸಿರಾಡಿದ್ರು! ಸಿಸ್ಟರ್, ಅಪ್ಪ ಬದುಕಿದಾರೆ!" ಬಾಗಿಲಲ್ಲಿ ಮಗಳು ಚೀರಿದಳು.

ಇದು ಇಡೀ ದಿನದ ಅತಿ ಕಷ್ಟದ ನಿಮಿಷ. ಮುಂಚೆಯೇ ಹೇಳಿರಬೇಕಿತ್ತು, ಹೇಳಿರಲಿಲ್ಲ. ನನಗದು ಮಾಮೂಲಿ, ಅವರಿಗೆ ಮೊದಲ ಸಲ ಅನ್ನುವುದು ಮರೆತೇ ಹೋಗಿತ್ತು. ಸ್ಟೆತಸ್ಕೋಪ್ ಹಚ್ಚಿ ಪೂರ್ತಿ ಒಂದು ನಿಮಿಷ ಕೇಳಿದೆ. ನನಗಾಗಿ ಅಲ್ಲ, ಅವನಿಗಾಗಿ. ಆಮೇಲೆ ಅವನ ಕಿವಿಗೂ ಹಚ್ಚಿದೆ. ಒಳಗೆ ಉಳಿದಿದ್ದ ಗಾಳಿ, ನಾವು ಒತ್ತಿದ್ದಕ್ಕೆ ಹೊರಬಂತು ಅಂತ ಹೇಳಿದೆ. ಅವನು ಬಹಳ ಹೊತ್ತು ಕೇಳುತ್ತಾ ನಿಂತ. ಕೊನೆಗೆ ಸ್ಟೆತಸ್ಕೋಪ್ ಕೊಟ್ಟು, "ಅದಕ್ಕೇ ಮಾಸ್ಕ್" ಎಂದ. ಅಲ್ಲಿಂದ ಮುಂದೆ ಏನು ಯಾಕೆ ಅಂತ ಅವನಿಗೆ ಬಿಡಿಸಿ ಹೇಳಬೇಕಾಗಿ ಬರಲಿಲ್ಲ.

ಉಗುರುಬೆಚ್ಚಗಿನ ಸೋಪುನೀರಲ್ಲಿ ಮುಖದಿಂದ ಕಾಲಿನವರೆಗೆ ಒರೆಸಿದೆವು. ನೀರು ಎರಚಲಿಲ್ಲ, ಎದೆ ಒತ್ತಲಿಲ್ಲ. ಬಾಯಿಯ ರಕ್ತ ಹೀರಲು ಹತ್ತಿ ಇಟ್ಟೆವು. ಕೆಳಗೆ ದ್ರವ ಹೀರುವ ಪ್ಯಾಡ್ ಹಾಕಿದೆವು. ದವಡೆ ಬಿಗಿಯಲು ಶುರುವಾಗಿತ್ತು. ಸತ್ತ ಎರಡರಿಂದ ನಾಲ್ಕು ಗಂಟೆಯೊಳಗೆ ಅಲ್ಲಿಂದಲೇ ಬಿಗಿತ ಶುರುವಾಗುತ್ತದೆ, ಹಾಗಾಗಿ ಕೈಕಾಲು ನೇರ ಮಾಡುವ ಕೆಲಸ ಮೊದಲು ಮುಗಿಸಿದೆವು. ಕೆಲಸ ಆದ ಮೇಲೆ ಮಗ ಗ್ಲೌಸ್ ಹಾಕಿದ ಕೈಯಲ್ಲೇ ಮುಖದ ಮಾಸ್ಕಿಗೆ ಕೈ ಹಾಕಿದ. ಹಿಡಿದು ನಿಲ್ಲಿಸಿದೆ. ಮೊದಲು ಗ್ಲೌಸ್, ಕೈ ತೊಳೆ, ಏಪ್ರನ್, ಕೈ ತೊಳೆ, ಕನ್ನಡಕ, ಕೋಣೆಯಿಂದ ಹೊರಗೆ ಬಂದ ಮೇಲೆ ಮಾಸ್ಕ್, ಮತ್ತೆ ಕೈ ತೊಳೆ. ತೆಗೆಯುವಾಗಲೇ ಜಾಸ್ತಿ ತಪ್ಪಾಗುವುದು, ಹಾಕುವಾಗ ಅಲ್ಲ.

ನೆಲದ ಕೆಲಸ ಕೊನೆಗೆ. ಮಗ ಸುರಿದಿದ್ದನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದು, ಗಾಳಿಯಾಡಿದ ಮೇಲೆ, 5 ಶೇಕಡಾ ಬ್ಲೀಚಿನ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿದೆ. ಅದು 0.5 ಶೇಕಡಾ ಆಗುತ್ತದೆ, ರಕ್ತ ಬಿದ್ದ ಜಾಗಕ್ಕೆ ಅಷ್ಟು ಬೇಕು. ಮೊದಲು ರಕ್ತವನ್ನು ಕಾಗದ ಬಟ್ಟೆಯಿಂದ ಹೀರಿ ತೆಗೆದು, ಸೋಪುನೀರಲ್ಲಿ ತೊಳೆದು, ಆಮೇಲೆ ಈ ದ್ರಾವಣ ಹಚ್ಚಿ ಹತ್ತು ನಿಮಿಷ ಬಿಡಬೇಕು. ಕೊಳೆ ಇದ್ದ ಕಡೆ ಬ್ಲೀಚ್ ಶಕ್ತಿ ಕಳೆದುಕೊಳ್ಳುತ್ತದೆ. ಸ್ಪ್ರೇ ಮಾಡಬಾರದು, ಒರೆಸಬೇಕು. ಆ ದಿನ ಬೆರೆಸಿದ್ದು ಆ ದಿನಕ್ಕೆ ಮಾತ್ರ.

ಗಾಡಿಯವರು

ಶವ ಸಾಗಿಸುವ ಗಾಡಿ 9 ಗಂಟೆಗೆ ಬಂತು. ಇಬ್ಬರು ಇಳಿದರು. ಟಿಬಿ ಅಂತ ಯಾರೋ ಹೇಳಿದ ಕೂಡಲೇ ಇಬ್ಬರೂ ಗಾಡಿಯ ಹತ್ತಿರಕ್ಕೆ ಹಿಂದೆ ಸರಿದರು. ಪೂರ್ತಿ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟೇಪ್ ಹಾಕಿ ಕೊಡಿ, ಮುಖ ತೋರಿಸೋದು ಬೇಡ, ನೇರ ತಗೊಂಡು ಹೋಗ್ತೀವಿ ಎಂದರು. ಮನೆಯವರ ಕಡೆಯ ಒಬ್ಬರು ಜಗಳಕ್ಕೆ ನಿಂತರು.

ಗಾಡಿಯವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ದಿನಕ್ಕೆ ಎಷ್ಟೋ ದೇಹ ಎತ್ತುವವರು, ಎಷ್ಟೋ ಸಲ ರೋಗ ಏನು ಅಂತ ಯಾರೂ ಹೇಳುವುದೂ ಇಲ್ಲ. ನಾವೇ ಮುಂಚೆ ಫೋನಿನಲ್ಲಿ ಹೇಳಿದ್ದರೆ ಅವರೂ ಸಿದ್ಧವಾಗಿ ಬರುತ್ತಿದ್ದರು. ವೈದ್ಯರ ಚೀಟಿ ತೋರಿಸಿದೆ. ನಿಮಗೆ ಯಾವುದಕ್ಕೆ ಭಯ ಅಂತ ಕೇಳಿದೆ. ಹಿರಿಯವ "ಎತ್ತುವಾಗ ಬಾಯಿಂದ ಏನಾದ್ರೂ ಬರುತ್ತೆ ಮೇಡಂ" ಎಂದ. ಸರಿಯಾದ ಭಯವೇ. ಬಾಯಿ ಮೂಗು ಮುಚ್ಚಿದೆ, ನಿಮಗೂ ಎನ್‌95 ಕೊಡುತ್ತೇನೆ ಎಂದೆ. ಬಾಡಿ ಬ್ಯಾಗಿಗೂ ಒಪ್ಪಿದೆ. ಕ್ಷಯ ಅನ್ನುವ ಕಾರಣಕ್ಕಲ್ಲ, ಇವರಿಗೆ ರಕ್ತ ಮತ್ತೆ ಸೋರಬಹುದು ಅನ್ನುವ ಕಾರಣಕ್ಕೆ. ಆದರೆ ಜಿಪ್ ಎದೆಯವರೆಗೆ ಮಾತ್ರ, ಮನೆಯವರು ನೋಡಿದ ಮೇಲೆ ಪೂರ್ತಿ ಎಳೆಯುವುದು. ಅದಕ್ಕೆ ಅವರೂ ಒಪ್ಪಿದರು. ಹತ್ತು ನಿಮಿಷದ ಮಾತು. ಮನೆಯವರು ಇಷ್ಟಕ್ಕೇ ಜಗಳಾಡಿದ್ದರೆ ಮಧ್ಯಾಹ್ನವಾಗುತ್ತಿತ್ತು.

ನೋಡುವುದನ್ನು ಕೋಣೆಯೊಳಗೆ ಇಟ್ಟುಕೊಳ್ಳಲಿಲ್ಲ. ದೇಹವನ್ನು ಬಯಲಿಗೆ ತಂದು ಇಟ್ಟೆವು. ಹೆಂಡತಿ ಹಣೆ ಮುಟ್ಟಿದರು, ಗ್ಲೌಸ್ ಇಲ್ಲದೆ. ನಾನು ತಡೆಯಲಿಲ್ಲ. ಆಮೇಲೆ ಕೈ ತೊಳೆಯಿರಿ ಎಂದೆ ಅಷ್ಟೇ. ಬೇರೆ ರೋಗವಾಗಿದ್ದರೆ ತಡೆಯುತ್ತಿದ್ದೆ.

ಸಾಲಿನಲ್ಲಿ ಕೇಳಿದ ಕೆಮ್ಮು

ಎಲ್ಲರ ಕಣ್ಣೂ ದೇಹದ ಮೇಲೆ ಇತ್ತು. ಅರ್ಧ ಜನ ದೂರ ನಿಂತು ಮೂಗಿಗೆ ಬಟ್ಟೆ ಹಿಡಿದಿದ್ದರು. ನನ್ನ ಕಿವಿಗೆ ಹಿಂದಿನಿಂದ ಒಂದು ಕೆಮ್ಮು ಬಿತ್ತು. ಕ್ಲೋರಿನ್ ಕುಡಿದ ಮಗಳದ್ದು ಅಂದುಕೊಂಡೆ. ತಿರುಗಿ ನೋಡಿದರೆ ಸೊಸೆ. ಅನಿಲ ಬಂದಾಗ ಅವಳು ಮಕ್ಕಳನ್ನು ಕರೆದುಕೊಂಡು ಹೊರಗೇ ಇದ್ದವಳು. ನಾಲ್ಕು ವರ್ಷದ ಮಗು ಅವಳ ಸೊಂಟದ ಮೇಲೆ, ಅಮ್ಮನ ಹೆಗಲಿಗೆ ಮುಖ ಒತ್ತಿಕೊಂಡು. ಸುತ್ತ ಐದಾರು ಹೆಂಗಸರು ಒತ್ತೊತ್ತಾಗಿ ನಿಂತಿದ್ದರು. ಅವಳ ಹತ್ತಿರ ಯಾರೂ ಮೂಗು ಮುಚ್ಚಿಕೊಂಡಿರಲಿಲ್ಲ.

"ಎಷ್ಟು ದಿನದಿಂದ ಕೆಮ್ಮು?" ಅಂತ ಮೆಲ್ಲಗೆ ಕೇಳಿದೆ. "ಒಂದು ತಿಂಗಳಾಯ್ತು ಸಿಸ್ಟರ್. ನಿದ್ದೆ ಇಲ್ಲ ಅಲ್ವಾ, ಅದಕ್ಕೆ ಇರಬೇಕು." ತೂಕ? "ಬಟ್ಟೆ ಎಲ್ಲ ಸಡಿಲ." ರಾತ್ರಿ ಬೆವರು? ತಲೆ ಆಡಿಸಿದಳು. ತಿಂಗಳಿಂದ ವಾರಕ್ಕೆರಡು ಸಲ ಆ ಮನೆಗೆ ಹೋಗುತ್ತಿದ್ದವಳು ನಾನು. ನೇರ ಹಿಂದಿನ ಕೋಣೆಗೆ ಹೋಗಿ, ರೋಗಿಯನ್ನು ನೋಡಿ, ಬರುತ್ತಿದ್ದೆ. ಬಾಗಿಲು ತೆಗೆಯುತ್ತಿದ್ದವಳು ಇವಳೇ.

ಅವಳಿಗೆ ಒಂದು ಮಾಸ್ಕ್ ಕೊಟ್ಟೆ. ಮಗುವನ್ನು ಅತ್ತೆಯ ಕೈಗೆ ಕೊಡು, ಜನರಿಂದ ಸ್ವಲ್ಪ ದೂರ, ಗಾಳಿ ಇರುವ ಕಡೆ ಕೂತುಕೋ ಎಂದೆ. ಎಲ್ಲರೆದುರು ಕಾರಣ ಹೇಳಲಿಲ್ಲ. ಆ ದಿನ ಇನ್ನೊಬ್ಬರಿಗೆ ಹೆಸರಿಡುವುದು ಬೇಡವಾಗಿತ್ತು. ಮರುದಿನ ಕಫ ಪರೀಕ್ಷೆಗೆ ಕರೆದುಕೊಂಡು ಹೋದೆ. ಜೀನ್ ಪರೀಕ್ಷೆಯಲ್ಲಿ ಕ್ಷಯ ಬಂತು, ರಿಫಾಂಪಿಸಿನ್‌ಗೆ ಬಗ್ಗದ ತಳಿ ಅಂತಲೂ ಬಂತು. ಈ ಪರೀಕ್ಷೆ ಎರಡು ಗಂಟೆಯ ಒಳಗೆ ಎರಡನ್ನೂ ಹೇಳುತ್ತದೆ.

ಇದು ಸಾವಿನ ದಿನ ತಗುಲಿದ್ದಲ್ಲ. ಸೋಂಕು ತಗುಲಿ ಕಾಯಿಲೆ ಕಾಣಿಸಿಕೊಳ್ಳಲು ವಾರಗಳು, ತಿಂಗಳುಗಳು, ಕೆಲವೊಮ್ಮೆ ವರ್ಷಗಳೇ ಬೇಕು. ಕೆಮ್ಮು ಒಂದು ತಿಂಗಳು ಹಳೆಯದು. ಮುಚ್ಚಿದ ಕಿಟಕಿಯ ಕೋಣೆಯಲ್ಲಿ, ಅವರು ಬದುಕಿದ್ದಾಗಲೇ ಬಂದದ್ದು.

ಆಮೇಲೆ

ಮನೆಯ ಉಳಿದವರಿಗೆಲ್ಲ ಎಕ್ಸ್‌ರೇ, ಚರ್ಮದ ಪರೀಕ್ಷೆ ಆಯಿತು. ತೋಳಿಗೆ ಚುಚ್ಚಿ, ಆ ಜಾಗ ಊದುತ್ತದಾ ಅಂತ ನೋಡುವ ಪರೀಕ್ಷೆ ಅದು. ಚರ್ಮದ ಪರೀಕ್ಷೆಯನ್ನು ಮಾಡಿದ 48ರಿಂದ 72 ಗಂಟೆಯೊಳಗೆ ಓದಬೇಕು. ಅದೇ ಹೊತ್ತಿಗೆ ಅಂತಿಮ ಕಾರ್ಯಗಳು ನಡೆಯುತ್ತಿದ್ದವು. ಮನೆಯವರು ಬರಲಾಗುವುದಿಲ್ಲ ಎಂದರು, ನಾವೇ ಮನೆಗೆ ಹೋಗಿ ಓದಿದೆವು. ಪೇಪರ್ ಓದುತ್ತಿದ್ದ ಮೊಮ್ಮಗನ ತೋಳು ಊದಿತ್ತು. ಎಕ್ಸ್‌ರೇ ಸ್ವಚ್ಛ, ಅಂದರೆ ಸೋಂಕು ಇದೆ, ಕಾಯಿಲೆ ಇಲ್ಲ. ಚಿಕ್ಕ ಮಗುವಿನ ಪರೀಕ್ಷೆ ನೆಗೆಟಿವ್ ಬಂತು. ಆದರೆ 5 ವರ್ಷದೊಳಗಿನ ಮಕ್ಕಳಲ್ಲಿ ಸೋಂಕು ಬೇಗ ಕಾಯಿಲೆಯಾಗುತ್ತದೆ, ಪರೀಕ್ಷೆ ಪಾಸಿಟಿವ್ ಆಗಲು 8 ವಾರದವರೆಗೂ ಹಿಡಿಯಬಹುದು. ಮಗುವಿನ ಎಕ್ಸ್‌ರೇಯೂ ಸ್ವಚ್ಛವಾಗಿತ್ತು. ವೈದ್ಯರು ಕಾಯಲಿಲ್ಲ. ಕಾಯಿಲೆ ಆಗದಿರಲಿ ಅಂತ ಇಬ್ಬರು ಮಕ್ಕಳಿಗೂ ಲಿವೋಫ್ಲಾಕ್ಸಾಸಿನ್ 6 ತಿಂಗಳು ಅಂತ ಬರೆದರು. ಅಜ್ಜನ ತಳಿ ಆ ಔಷಧಕ್ಕೆ ಬಗ್ಗುತ್ತದೆ ಅಂತ ಹಳೆಯ ವರದಿಯಲ್ಲಿ ಇತ್ತು. ಇಂಥ ಸಂಪರ್ಕದಲ್ಲಿ ಇದ್ದವರಿಗೆ ಈ ಔಷಧ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಸಲಹೆ ಕೊಟ್ಟಿದೆ. ಸತ್ತವರ ಫೈಲನ್ನು ಕಟ್ಟಿ ಮೂಲೆಗೆ ಹಾಕದಿರಲು ಇದೂ ಒಂದು ಕಾರಣ. ಅದರಲ್ಲಿ ಬದುಕಿರುವವರ ಚಿಕಿತ್ಸೆ ಇರುತ್ತದೆ.

ಸೊಸೆಯ ಚಿಕಿತ್ಸೆ ಅದೇ ವಾರ ಶುರುವಾಯಿತು. ಬಾಯಿಂದ ನುಂಗುವ ಹೊಸ ಔಷಧಗಳ 6 ತಿಂಗಳ ಕ್ರಮ. ಬೇಗ ಸಿಕ್ಕಿದ್ದರಿಂದ ಶ್ವಾಸಕೋಶಕ್ಕೆ ಜಾಸ್ತಿ ಪೆಟ್ಟಾಗಿರಲಿಲ್ಲ. ಮಗಳ ಕಣ್ಣು ಎರಡು ದಿನದಲ್ಲಿ ಸರಿಹೋಯಿತು. ಮಗನಿಗೆ ಎರಡು ಸಲವೂ ಪರೀಕ್ಷೆ ನೆಗೆಟಿವ್. ದೇಹ ಒರೆಸಿದವನು ಅವನೇ ಅನ್ನುವುದನ್ನು ನೆಂಟರು ಇನ್ನೂ ನಂಬುವುದಿಲ್ಲವಂತೆ.

ಹಾಸಿಗೆ, ಹೊದಿಕೆ, ಬಟ್ಟೆ ಎಲ್ಲ ಸುಡಬೇಕು ಅಂತ ಹಿರಿಯರೊಬ್ಬರು ಹಟ ಹಿಡಿದಿದ್ದರು. ರಕ್ತ ಒಳಗಿನವರೆಗೆ ಇಳಿದ ಹಾಸಿಗೆಯನ್ನು ಚೀಲಕ್ಕೆ ಕಟ್ಟಿ ವಿಲೇವಾರಿಗೆ ಕೊಟ್ಟೆವು. ಸ್ಪಂಜಿನ ಹಾಸಿಗೆ ಸುಟ್ಟರೆ ಬರುವ ಹೊಗೆ ಇನ್ನೊಂದು ರೋಗ. ಉಳಿದ ಬಟ್ಟೆಯನ್ನು ಬಿಸಿನೀರು, ಸೋಪಿನ ಪುಡಿಯಲ್ಲಿ ಒಗೆದು, ಬಿಸಿಲಿಗೆ ಹಾಕಿದರೆ ಸಾಕು.

ನಮ್ಮ ತಂಡದಲ್ಲಿ ಈಗ ಮನೆಯಲ್ಲೇ ಕೊನೆಯ ದಿನ ಕಳೆಯುವ ಪ್ರತಿ ಸೋಂಕಿನ ರೋಗಿಯ ಮನೆಗೂ ಒಂದು ಹಾಳೆ ಕೊಡುತ್ತೇವೆ. ಮೊದಲ ಗಂಟೆಯಲ್ಲಿ ಏನು ಮಾಡಬೇಕು, ಏನು ಯಾವುದರ ಜೊತೆ ಬೆರೆಸಬಾರದು, ಯಾರಿಗೆ ಫೋನ್ ಮಾಡಬೇಕು, ಗಾಡಿಯವರಿಗೆ ಏನು ಹೇಳಬೇಕು ಅಂತ ಅದರಲ್ಲಿ ಇದೆ. ದೇಹದಿಂದ ಸದ್ದು ಬರಬಹುದು ಅಂತಲೂ ಬರೆದಿದ್ದೇವೆ. ಗ್ಲೌಸ್, ಮಾಸ್ಕ್, ಪ್ಯಾಡ್ ಇರುವ ಒಂದು ಚೀಲ ಮುಂಚೆಯೇ ಮನೆಯಲ್ಲಿ ಇರುತ್ತದೆ. ಹಾಳೆ ಓದಿ ಹೇಳುವುದು ರೋಗಿಯ ಎದುರಿಗೇ, ಅವರು ಬೇಡ ಅಂದರೆ ಮಾತ್ರ ಪಕ್ಕದ ಕೋಣೆಯಲ್ಲಿ. ಬಹಳ ಜನ ಬೇಡ ಅನ್ನುವುದಿಲ್ಲ. ಮನೆಗೆ ಹೋದಾಗ ಬಾಗಿಲು ತೆಗೆದವರ ಕೆಮ್ಮನ್ನೂ ಈಗ ಕೇಳಿಸಿಕೊಳ್ಳುತ್ತೇನೆ.

ಹತ್ತನೇ ವಾರ ಎರಡನೇ ಪರೀಕ್ಷೆ ಓದಲು ಆ ಮನೆಗೆ ಹೋದೆ. ಹಿಂದಿನ ಕೋಣೆಯ ಕಿಟಕಿ ತೆರೆದಿತ್ತು. ಹೆಂಡತಿಯ ತೋಳು ನೋಡಿದೆ, ಊತ ಇರಲಿಲ್ಲ. ಹೊರಡುವ ಹೊತ್ತಿಗೆ ಅವರು ಕಪಾಟಿನಿಂದ ಒಂದು ಪ್ಲಾಸ್ಟಿಕ್ ಕವರ್ ತಂದರು. ಮೂರು ಗಂಟು ಹಾಕಿತ್ತು. ಒಳಗೆ ಗಂಡನ ಶಾಲು. ಎರಡು ಸಲ ಒಗೆದು, ಬಿಸಿಲಿಗೆ ಹಾಕಿ, ಮಡಿಸಿ ಕಟ್ಟಿಟ್ಟಿದ್ದರಂತೆ.

"ಹತ್ತು ವಾರ ಆಯ್ತಲ್ಲಾ ಸಿಸ್ಟರ್, ಇನ್ನು ಇದನ್ನ ಹೊದ್ದುಕೊಳ್ಳಬಹುದಾ?"

ಒಗೆದ ದಿನವೇ ಹೊದ್ದುಕೊಳ್ಳಬಹುದಿತ್ತು. ಬಟ್ಟೆ ಒಗೆಯಿರಿ ಅಂತ ಹೇಳಿದ್ದೆ, ಆಮೇಲೆ ಬಳಸಿ ಅಂತ ಹೇಳಿರಲಿಲ್ಲ. ಹಾಗೆಂದೆ. ಅವರು ಏನೂ ಮಾತಾಡದೆ ಗಂಟು ಬಿಚ್ಚಲು ಕೂತರು.